ಕೃಷ್ಣವೇಣಿಯ ಮೊಡವೆಗಳು

ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ, ಕ್ಯಾಲೆಂಡರಿನ ಪಕ್ಕಕ್ಕೆ, ಒಂದು ಕಪ್ಪು ಚಿತ್ರವನ್ನು ತೂಗುಹಾಕಿದ್ದೇನೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ಚಹಾ ಬರುವವರೆಗೆ ಸುಮ್ಮನೆ ಕೂಡುತ್ತಾರೆ. ಧೈರ್ಯ ಇದ್ದವರು ಮಾತ್ರ ದನಿ ಇಳಿಸಿ ಕೇಳುತ್ತಾರೆ: “ಯಾರ ಎಕ್ಸ್‌ರೇ ಅದು? ಈಗ ಆರಾಮ ಇದ್ದಾರೇನ್ರಿ?”

ಕೇಳಿದವರದು ತಪ್ಪಿಲ್ಲ. ನಾನು ಬಸವಕಲ್ಯಾಣದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವವನು. ದಿನಾ ಬೆಳಿಗ್ಗೆ ಹುಮನಾಬಾದಿನಿಂದ ಬಸ್ಸಿಗೆ ಹೋಗಿ ಊರವರ ಎಲುಬುಗಳನ್ನು ನೋಡಿ ಸಂಜೆ ಮರಳಿ ಬರುತ್ತೇನೆ. ಹಾಗಿರುವವನ ಮನೆಯಲ್ಲಿ ಕಪ್ಪು ಹಾಳೆಯ ಮೇಲೆ ಬಿಳಿ ಮಸುಕುಗಳು ಕಂಡರೆ ಜನ ಪುಪ್ಪುಸ ಅಂದುಕೊಳ್ಳದೆ ಇನ್ನೇನು ಅಂದುಕೊಂಡಾರು? ನಮ್ಮವ್ವನಿಗೆ ಮಾತ್ರ ಅದು ಪುಪ್ಪುಸದ ಹಾಗೂ ಕಾಣುವುದಿಲ್ಲ. “ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹೊತ್ತಿದ್ರ ಹಿಂಗೇ ಆಗ್ತದ” ಎಂದು ಅವಳು ಮೊದಲ ದಿನವೇ ತೀರ್ಪು ಕೊಟ್ಟಳು.

ಅದು ಗೆಲಾಕ್ಸಿಗಳ ಒಂದು ಗುಂಪು. ಬೇಸಿಗೆಯ ಸಂಜೆ ಸಿಂಹದ ಬಾಲಕ್ಕೂ ಸ್ವಾತಿ ನಕ್ಷತ್ರಕ್ಕೂ ನಡುವೆ ಕೃಷ್ಣವೇಣಿ ಎಂಬ ಮಂಕಾದ ನಕ್ಷತ್ರಪುಂಜ ಇರುತ್ತದೆ. ಆ ದಿಕ್ಕಿನಲ್ಲಿ, ಆ ನಕ್ಷತ್ರಗಳಿಗಿಂತ ಎಷ್ಟೋ ಹಿಂದೆ, ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳು ಜಾತ್ರೆಗೆ ಬಂದವರ ಹಾಗೆ ಒತ್ತೊತ್ತಾಗಿ ಸೇರಿಕೊಂಡಿವೆ. ಅಲ್ಲಿಂದ ಬೆಳಕು ಹೊರಟು ಸುಮಾರು ಮೂವತ್ತು ಕೋಟಿ ವರ್ಷವಾಯಿತು. ಅಷ್ಟು ದೂರದಿಂದ ಬಂದು ನಮ್ಮ ಮನೆಯಲ್ಲಿ ಹೊತ್ತಿದ ರೊಟ್ಟಿ ಅನ್ನಿಸಿಕೊಂಡಿತು. ಬೆಳಕಿಗೂ ಹಣೆಬರಹ ಅಂತ ಒಂದು ಇರುತ್ತದೆ.

ಈ ಹುಚ್ಚು ನನಗೆ ಹತ್ತಿದ್ದು ನನ್ನ ಕೆಲಸದಿಂದ. “ಉಸಿರು ಹಿಡೀರಿ, ಅಲುಗಬ್ಯಾಡ್ರಿ” ಎಂದು ನಾನು ದಿನವಿಡೀ ಹೇಳುತ್ತೇನೆ. ಜನ ದಿನವಿಡೀ ಅಲುಗುತ್ತಾರೆ. ರಾಜೇಶ್ವರ ಎಂಬ ಊರಿನ ಒಬ್ಬ ಹಿರಿಯರು ಮಾತ್ರ ನಾನು ಹೇಳಿದ ಹಾಗೆಯೇ ಉಸಿರು ಹಿಡಿದು ಕಲ್ಲಿನಂತೆ ನಿಂತರು. ಚಿತ್ರ ಬಹಳ ಚೆನ್ನಾಗಿ ಬಂತು. ನಾನು ಅದನ್ನೇ ಮೆಚ್ಚಿಕೊಂಡು ನೋಡುತ್ತ ನಿಂತೆ. ತಿರುಗಿ ನೋಡಿದರೆ ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗಾಬರಿಯಾಗಿ “ಉಸಿರು ಬಿಡ್ರಿ ಯಜಮಾನ್ರ!” ಎಂದು ಕೂಗಿದೆ. ಅವರು ಸುಧಾರಿಸಿಕೊಂಡು, “ಹಿಡೀರಿ ಅಂದ್ರಿ, ಹಿಡಿದ್ಯಾ. ಬಿಡ್ರಿ ಅಂತ ನೀವು ಎಲ್ಲಿ ಅಂದ್ರಿ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಉಸಿರಾಡದ, ಅಲುಗದ, ನನ್ನ ಜೊತೆ ವಾದ ಮಾಡದ ವಸ್ತುವಿನ ಚಿತ್ರವನ್ನು ಒಮ್ಮೆಯಾದರೂ ತೆಗೆಯಬೇಕು ಎಂಬ ಆಸೆ ಅಂಥ ದಿನಗಳಲ್ಲಿ ಹುಟ್ಟಿದ್ದು. ಕ್ಯಾಮೆರಾ ಕೂಡಿಸಬಹುದಾದ ಒಂದು ದುರ್ಬೀನು ತರಿಸಿದೆ. ಆಕಾಶವೂ ಅಲುಗುತ್ತದೆ, ಅದರ ಹಿಂದೆ ಹಿಂದೆ ಮೋಟಾರು ಹಚ್ಚಿ ದುರ್ಬೀನನ್ನು ತಿರುಗಿಸುತ್ತಿರಬೇಕು ಎಂಬ ಸಂಗತಿ ಪೆಟ್ಟಿಗೆ ಬಿಚ್ಚಿದ ಮೇಲೆ ತಿಳಿಯಿತು.

ಆಕಾಶಕ್ಕಿಂತ ಹೆಚ್ಚು ಅಲುಗಿದ್ದು ನಮ್ಮ ಮನೆ. ಹೈದರಾಬಾದಿನ ಕಡೆ ಹೋಗುವ ಒಂದೊಂದು ಲಾರಿಗೂ ನಮ್ಮ ಮಾಳಿಗೆ ಸಣ್ಣಗೆ ನಡುಗುತ್ತದೆ. ಮನುಷ್ಯರಿಗೆ ತಿಳಿಯುವುದಿಲ್ಲ, ದುರ್ಬೀನಿಗೆ ತಿಳಿಯುತ್ತದೆ. ನಾನು ತೆಗೆದ ಮೊದಲ ಚಿತ್ರಗಳಲ್ಲಿ ನಕ್ಷತ್ರಗಳಿಗೆಲ್ಲ ಬಾಲ ಇದ್ದವು, ಗೊದಮೊಟ್ಟೆಗಳ ಹಾಗೆ. ಅದರ ಮೇಲೆ, ಕೃಷ್ಣವೇಣಿ ಏರುವ ಹೊತ್ತಿಗೆ ಸರಿಯಾಗಿ ನಮ್ಮಲ್ಲಿ ಮದುವೆಯ ಹಂಗಾಮು. ಹಿಂದಿನ ಓಣಿಯ ಫಂಕ್ಷನ್ ಹಾಲಿನವರು ಆಕಾಶಕ್ಕೆ ಬೆಳಕಿನ ಕಂಬಗಳನ್ನು ಬಿಟ್ಟು ತಿರುಗಿಸುತ್ತಾರೆ. ಮೂವತ್ತು ಕೋಟಿ ವರ್ಷ ಯಾರಿಗೂ ಅಡ್ಡ ಬರದೆ ನಡೆದು ಬಂದ ಬೆಳಕು ಹುಮನಾಬಾದಿನಲ್ಲಿ ಯಾರದೋ ಅರಿಶಿಣಕ್ಕೆ ಸಿಕ್ಕಿಬೀಳುತ್ತಿತ್ತು.

ಕೊನೆಗೆ ಹುಡಗಿ ಎಂಬ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಹೊಲಕ್ಕೆ ಹೋಗುವುದೆಂದು ಗೊತ್ತುಮಾಡಿದೆ. ತೊಗರಿ ಕಿತ್ತು ಹೊಲ ಖಾಲಿ ಇತ್ತು. ಅವ್ವ ತಾನೂ ಬರುತ್ತೇನೆಂದು ಮಂಚ ಸಮೇತ ಹೊರಟಳು. ಅವಳಿಗೆ ಗೆಲಾಕ್ಸಿಯ ಗೊಡವೆ ಇರಲಿಲ್ಲ. ತಲೆಯ ಮೇಲೆ ಮಾಳಿಗೆ ಇಲ್ಲದ ಜಾಗ ಎಂದರೆ ಅವಳಿಗೆ ಇಷ್ಟ.

ಇದನ್ನು ಸ್ವಲ್ಪ ಹೇಳಬೇಕು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ನಸುಕಿನಲ್ಲಿ ಭೂಮಿ ನಡುಗಿತು. ನಮ್ಮ ಮನೆಯಲ್ಲಿ ಆದದ್ದು ಇಷ್ಟೇ: ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲಿನ ಡಬ್ಬಿಗಳು ಬಿದ್ದವು, ಗೋಡೆಯಲ್ಲಿ ಒಂದು ಬಿರುಕು ಬಂತು, ನಾವು ಓಣಿಗೆ ಓಡಿ ಬಂದೆವು. ಬೆಳಗಾದ ಮೇಲೆ ಕೆಲವರು ನಗಾಡಿದರು ಕೂಡ, ಯಾರು ಯಾವ ಅವತಾರದಲ್ಲಿ ಓಡಿ ಬಂದಿದ್ದರು ಎಂದು. ಮಧ್ಯಾಹ್ನದ ಹೊತ್ತಿಗೆ ರಾಜ್ಯದ ಗಡಿಯ ಆಚೆಯ ಸುದ್ದಿ ಬಂತು. ಅಲ್ಲಿ ಗೋಡೆಗಳು ಕಲ್ಲು ಮಣ್ಣಿನವು, ದಪ್ಪ. ಅವ್ವನ ತಂಗಿ ಗಂಗೂ ಮೌಶಿಯನ್ನು ಆ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಂದಿನಿಂದ ಅವ್ವ ಸ್ಲ್ಯಾಬಿನ ಕೆಳಗೆ ಮಲಗುವುದಿಲ್ಲ. ಅಂಗಳದಲ್ಲಿ ಅವಳ ಮಂಚ. ಮಳೆ ಬಂದರೆ ತಗಡಿನ ಶೆಡ್ಡಿಗೆ ಸರಿಯುತ್ತಾಳೆ. “ತಗಡು ಬಿದ್ರ ತಲಿ ಒಡೀತದ, ಅಷ್ಟ. ತಲಿ ಹೊಲೀತಾರ” ಎನ್ನುತ್ತಾಳೆ.

ಹುಡಗಿಯ ಹೊಲದಲ್ಲಿ ಆ ಸಂಜೆ ನಾನು ದುರ್ಬೀನಿನ ಮುಕ್ಕಾಲಿ ಇಟ್ಟೆ. ಎರೆಭೂಮಿ ಬೇಸಿಗೆಗೆ ಬಾಯಿ ಬಿಟ್ಟಿತ್ತು. ಮುಕ್ಕಾಲಿಯ ಒಂದು ಕಾಲು ಬಿರುಕಿನಲ್ಲಿ ಮೊಣಕಾಲವರೆಗೆ ಇಳಿದು ಹೋಯಿತು. ಮೇಲೆತ್ತಿ, ಚಪ್ಪಟೆ ಕಲ್ಲು ಹುಡುಕಿ, ಸಮ ಮಾಡಿ, ಧ್ರುವ ನಕ್ಷತ್ರಕ್ಕೆ ಹೊಂದಿಸುವಷ್ಟರಲ್ಲಿ ಅವ್ವ ಮಂಚದ ಮೇಲೆ ಕೂತು ಬುತ್ತಿ ಬಿಚ್ಚಿದ್ದಳು.

“ಆತೇನು ನಿನ್ನ ಪೂಜಾ?” ಎಂದಳು. “ದೇವರು ಬಂದ್ನೋ ಇಲ್ಲೋ?”

ನಾನು ಮೊದಲ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವಳು ರೊಟ್ಟಿ ಹಿಡಿದ ಕೈಯನ್ನು ಹಿಂದಕ್ಕೆ ಸರಿಸಿ ಬಗ್ಗಿ ನೋಡಿದಳು.

“ಏನೂ ಇಲ್ಲಲ್ಲೋ.”

“ಅದ ಅವ್ವ. ಇಲ್ಲಿ ನೋಡು, ಮಸುಕು ಮಸುಕು ಕಾಣ್ತದಲ್ಲ, ಅದು.”

“ಇದನ್ನ ನೋಡಾಕ ಮಂಚ ಹೊತ್ಕೊಂಡು ಇಲ್ಲಿ ತನಕ ಬಂದೆವಾ? ನಮ್ಮ ಕನ್ನಡಿ ಒರಸಲಾರ್ದ ಇಟ್ರ ಮನ್ಯಾಗೇ ಕಾಣ್ತದ.”

ಆಗ ನಾನು ಅವಳಿಗೆ ವಿವರಿಸಿದೆ. ಒಂದು ಚಿತ್ರದಲ್ಲಿ ನಿಜವಾದ ಮಸುಕು ಯಾವುದು, ಕ್ಯಾಮೆರಾದ ಸುಳ್ಳು ಚುಕ್ಕೆ ಯಾವುದು ಎಂದು ತಿಳಿಯುವುದಿಲ್ಲ. ಅದೇ ಜಾಗದ ನೂರಾರು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸಬೇಕು. ಸುಳ್ಳು ಚುಕ್ಕೆ ಒಂದೊಂದು ಸಲ ಒಂದೊಂದು ಕಡೆ ಬರುತ್ತದೆ, ಹಾಗಾಗಿ ಅಳಿಸುತ್ತ ಹೋಗುತ್ತದೆ. ನಿಜವಾಗಿ ಇದ್ದದ್ದು ಪ್ರತಿ ಸಲವೂ ಅಲ್ಲೇ ಇರುತ್ತದೆ, ಅದು ಗಟ್ಟಿಯಾಗುತ್ತ ಹೋಗುತ್ತದೆ.

ಅವ್ವ ಅಗಿಯುವುದನ್ನು ನಿಲ್ಲಿಸಿದಳು. “ಹಂಗಾದ್ರ ಗಂಗೂನ ಫೋಟೋ ಮಾಡಿಕೊಡು” ಎಂದಳು.

ಗಂಗೂ ಮೌಶಿಯದು ನಮ್ಮಲ್ಲಿ ಇರುವುದು ಒಂದೇ ಫೋಟೋ. ಅದೂ ಅವಳದಲ್ಲ, ನನ್ನ ಜವಳದ ದಿನ ತೆಗೆಸಿದ್ದು. ಮುಂದಿನ ಸಾಲಿನಲ್ಲಿ ಗಂಡಸರು ಕುರ್ಚಿಗಳ ಮೇಲೆ ಕೂತಿದ್ದಾರೆ. ನಡುವೆ ಬೋಳು ತಲೆಯ ನಾನು ಅಳುತ್ತಿದ್ದೇನೆ. ಹಿಂದೆ ಹೆಂಗಸರು. ಕೊನೆಯಲ್ಲಿ ನಿಂತ ಮೌಶಿ ಚಿತ್ರ ತೆಗೆಯುವ ಹೊತ್ತಿಗೆ ಸರಿಯಾಗಿ ಯಾರನ್ನೋ ನೋಡಿ ನಕ್ಕು ಹೊರಳಿದ್ದಾಳೆ. ಸೆರಗು ಸ್ಪಷ್ಟವಾಗಿದೆ, ಕೊರಳ ಸರ ಸ್ಪಷ್ಟವಾಗಿದೆ, ಅದರ ಮೇಲೆ ಒಂದು ಬಿಳಿ ಮಸುಕು. ಅಲುಗಬೇಡಿ ಎಂದು ಹೇಳುವವರು ಆ ದಿನ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಹಿರಿಯರ ಹಬ್ಬಕ್ಕೆ ಪ್ರತಿ ವರ್ಷ ತೊಂದರೆ ಆಗುವುದು ಇದರಿಂದಲೇ. ನಮ್ಮಲ್ಲಿ ಸತ್ತವರ ಫೋಟೋ ಸಾಲಾಗಿ ಇಟ್ಟು, ಹಾರ ಹಾಕಿ, ಕುಂಕುಮ ಹಚ್ಚಿ ಎಡೆ ಇಡುತ್ತಾರೆ. ಅಪ್ಪನಿಗೆ ಫೋಟೋ ಇದೆ, ಅಜ್ಜ ಅಜ್ಜಿಗೆ ಇದೆ. ಮೌಶಿಗೆ ಇಡಬೇಕೆಂದರೆ ಈ ಗುಂಪಿನ ಫೋಟೋ ಇಡಬೇಕು, ಅದರಲ್ಲಿ ಬದುಕಿರುವವರೂ ಇದ್ದಾರೆ. ಬದುಕಿದವರ ಫೋಟೋಕ್ಕೆ ಹಾರ ಹಾಕುವಂತಿಲ್ಲ. ಒಂದು ವರ್ಷ ಅವ್ವ ಧೈರ್ಯ ಮಾಡಿ ಮೌಶಿಯ ಮಸುಕಿಗೆ ಮಾತ್ರ ತಾಗುವ ಹಾಗೆ ಒಂದು ಬೊಟ್ಟು ಕುಂಕುಮ ಹಚ್ಚಿದಳು. ಅದು ಜಾರಿ ಮುಂದೆ ಕುಳಿತ ಶರಣಪ್ಪ ಕಾಕಾನ ತಲೆಯ ಮೇಲೆ ಬಿತ್ತು. ಶರಣಪ್ಪ ಕಾಕಾ ಆಗ ಎದುರಿಗೇ ಕೂತು ಹೋಳಿಗೆ ತಿನ್ನುತ್ತಿದ್ದ.

“ಏ ವೈನಿ, ನಾ ಇನ್ನೂ ಇದೀನಿ!” ಎಂದು ಎದ್ದು ನಿಂತ. “ನನಗ್ಯಾಕ ಈಗ್ಲೇ ಕಳಿಸಾಕತ್ತೀರಿ?”

“ಕೂಡು, ಕೂಡು. ಇನ್ನೊಂದು ಹೋಳಿಗಿ ತಿಂದು ಹೋಗೀಯಂತ” ಎಂದಳು ಅವ್ವ. ಆತ ತಿನ್ನಲಿಲ್ಲ. ಆ ಮೇಲೆ ಅವನಿಗೆ ಕೆಮ್ಮು ಬಂದರೂ ಅವ್ವನ ಹೆಸರೇ. ಹೀಗಾಗಿ ಮೌಶಿಯ ಎಡೆಯನ್ನು ಗೋಡೆಯ ಕಡೆಗೆ ಮುಖ ಮಾಡಿ ಇಡುವುದು ರೂಢಿಯಾಯಿತು, ಬರಿಯ ಗೋಡೆಗೆ. ಈ ವರ್ಷವಾದರೂ ತಂಗಿಗೆ ತನ್ನದೇ ಒಂದು ಫೋಟೋ ಇಟ್ಟು ಎಡೆ ಹಿಡಿಯಬೇಕು ಎಂಬುದು ಅವ್ವನ ಆಸೆ.

ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಕೂಡಿಸುವುದಕ್ಕೆ ಮೌಶಿಯ ನೂರು ಫೋಟೋ ಬೇಕು, ಇರುವುದು ಒಂದು. ಅದನ್ನೇ ನೂರು ಸಲ ಸ್ಕ್ಯಾನ್ ಮಾಡಿ ಕೂಡಿಸಿದೆ. ಇದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು, ಆದರೂ ಮಾಡಿದೆ. ಸೆರಗಿನ ನೂಲು ನೂಲು ಎಣಿಸುವ ಹಾಗೆ ಬಂತು. ಮುಖದ ಜಾಗದಲ್ಲಿ ಅತ್ಯಂತ ಸ್ವಚ್ಛವಾದ, ಕಲೆಯಿಲ್ಲದ ಒಂದು ಮಸುಕು ಬಂತು.

“ಇಷ್ಟೇ ಅವ್ವ. ಫೋಟೋದಾಗ ಇಲ್ಲದ್ದು ಎಲ್ಲಿಂದ ಬರಬೇಕು?” ಎಂದೆ. ಅವಳು ಹಳೆಯ ಫೋಟೋವನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಳು. ಅವಳು ಹೀಗೆ ಸದ್ದಿಲ್ಲದೆ ಪೆಟ್ಟಿಗೆ ಮುಚ್ಚಿದರೆ ಮನೆಯಲ್ಲಿ ಎಲ್ಲರೂ ಎಚ್ಚರದಿಂದ ಓಡಾಡುತ್ತೇವೆ.

ಈ ನಡುವೆ ಗೆಲಾಕ್ಸಿಗಳ ಚಿತ್ರ ಸಿದ್ಧವಾಗಿತ್ತು. ಹುಡಗಿಯ ಹೊಲದ ಎಷ್ಟೋ ಸಂಜೆಗಳನ್ನು ಕೂಡಿಸಿ ಮಾಡಿದ್ದು. ನಡುವೆ ಎರಡು ದೊಡ್ಡ ಮಸುಕುಗಳು, ಸುತ್ತ ಹತ್ತಾರು ಸಣ್ಣವು. ದೊಡ್ಡ ಅಳತೆಯಲ್ಲಿ ಅಚ್ಚು ಹಾಕಿಸಲು ಹುಮನಾಬಾದ್ ಬಸ್‌ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ ರಫೀಕನಿಗೆ ಕಳಿಸಿದೆ. ಸುತ್ತಲಿನ ಹಳ್ಳಿಗಳ ಮದುವೆಯ ಆಲ್ಬಮ್ಮುಗಳೆಲ್ಲ ಅವನವೇ. ಅವನ ಕೈಯಲ್ಲಿ ಹಾದು ಬಂದ ಮದುಮಗಳನ್ನು ಅವಳ ತಾಯಿಯೂ ಎರಡು ಸಲ ನೋಡಿ ಗುರುತು ಹಿಡಿಯಬೇಕು.

ಸಂಜೆ ಹೋದೆ. ಅಚ್ಚು ಮೇಜಿನ ಮೇಲೆ ಇತ್ತು. ನಕ್ಷತ್ರಗಳೆಲ್ಲ ಸೂಜಿಯ ಮೊನೆಯಂತೆ ಮಿಂಚುತ್ತಿದ್ದವು. ನಡುವೆ ದಟ್ಟ ಕಪ್ಪು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದೆ. ಒಂದೇ ಒಂದು ಗೆಲಾಕ್ಸಿ ಇರಲಿಲ್ಲ.

“ರಫೀಕ್ ಭಾಯ್, ನಡುವ ಇದ್ದ ಮಸುಕು ಎಲ್ಲಿ ಹೋದ್ವು?”

“ಅವಾ?” ಅವನು ಹೆಮ್ಮೆಯಿಂದ ನಕ್ಕ. “ಭಾಳ ಗಲೀಜ್ ಇತ್ತು ಸಂಗಣ್ಣ, ಪೂರಾ ದಾಗ್ ದಾಗ್. ಲೆನ್ಸಿಗೆ ಏನ್ ಬೂಸ್ಟು ಹಿಡದದೋ ಏನೋ. ಕೂತು ಒಂದೊಂದೇ ಸಾಫ್ ಮಾಡೀನಿ. ನೋಡು ಈಗ, ಹ್ಯಾಂಗ ಚಮಕಾಕತ್ತದ!”

“ಅವು ಗೆಲಾಕ್ಸಿ ರಫೀಕ್ ಭಾಯ್. ಚಿತ್ರ ತೆಗೆದದ್ದೇ ಅವಕ್ಕ.”

ಅವನು ಅಚ್ಚನ್ನು ನೋಡಿದ, ನನ್ನನ್ನು ನೋಡಿದ. “ಒಂದೊಂದ್ರಾಗ ಎಷ್ಟು ನಕ್ಷತ್ರ ಇರ್ತಾವ?”

“ಕೋಟಿ ಕೋಟಿ.”

“ಯಾ ಅಲ್ಲಾ” ಎಂದು ಇಲಿಯ ಮೇಲಿಟ್ಟಿದ್ದ ಕೈಯನ್ನು ಬೆಂಕಿ ಮುಟ್ಟಿದವನಂತೆ ತೆಗೆದ. ಇಲಿ ಎಂದರೆ ಕಂಪ್ಯೂಟರಿನದು. “ನಾನು ಮೊಡವಿ ಅಂತ ತಿಳಕೊಂಡೆನಪ್ಪ. ಹದಿನೈದು ವರ್ಷದ್ದು ಹಾಥ್ ಕೀ ಆದತ್, ಕೈ ತಾನೇ ಅಳಸ್ತದ.”

ಅಸಲು ಕಡತ ನನ್ನ ಬಳಿ ಇತ್ತು, ಹಾಗಾಗಿ ವಿಶ್ವಕ್ಕೆ ನಷ್ಟವೇನೂ ಆಗಲಿಲ್ಲ. ಎರಡನೆಯ ಅಚ್ಚೇ ಈಗ ಪಡಸಾಲೆಯಲ್ಲಿರುವುದು. ಮನೆಯಲ್ಲಿ ಈ ಕಥೆ ಹೇಳಿದಾಗ ಅವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆದರೆ ಅವಳು ಅದರಿಂದ ಕಲಿತ ಪಾಠ ಬೇರೆ. ಅಳಿಸಲು ಬರುವವನಿಗೆ ಬರೆಯಲೂ ಬರುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಾಳೆಂದು ನನಗೆ ಹೊಳೆಯಲಿಲ್ಲ. ಹಬ್ಬ ಹತ್ತಿರ ಬಂದಾಗ, ನಾನು ಕೆಲಸಕ್ಕೆ ಹೋದ ಹೊತ್ತು ನೋಡಿ, ಜವಳದ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಫೀಕನ ಸ್ಟುಡಿಯೋಕ್ಕೆ ಹೋಗಿ ಬಂದಿದ್ದಳು.

ಎರಡು ದಿನದ ಮೇಲೆ ಬಸವಕಲ್ಯಾಣದಲ್ಲಿ ಒಬ್ಬರ ಮೊಣಕೈ ಚಿತ್ರ ತೆಗೆಯುತ್ತಿದ್ದಾಗ ನನ್ನ ಫೋನಿಗೆ ರಫೀಕನಿಂದ ಒಂದು ಚಿತ್ರ ಬಂತು. ಕೆಳಗೆ, “ಕಾಕುಗ ಸರ್‌ಪ್ರೈಜ್. ಎಐ ಆ್ಯಪಿನ್ಯಾಗ ಮಾಡೀನಿ” ಎಂದಿತ್ತು. ಅವ್ವ ಅವನಿಗೆ ಕಾಕು.

ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ. ಮೊದಲು ನನಗೆ ಅನ್ನಿಸಿದ್ದು, ಅರೆ, ಮೌಶಿ! ಅದೇ ಸೆರಗು, ಅದೇ ಸರ, ಅದರ ಮೇಲೆ ನಗುತ್ತಿರುವ ಒಂದು ಮುಖ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಎರಡೂ ಕಿವಿ ಒಂದೇ ಅಚ್ಚಿನವು. ಹುಬ್ಬು ತಿದ್ದಿದವು. ಚರ್ಮದ ಮೇಲೆ ಒಂದು ಗೆರೆಯಿಲ್ಲ. ಆ ಮುಖ ಯಾರದ್ದೂ ಆಗಿರಲಿಲ್ಲ. ಫೋನು ಕೆಳಗಿಟ್ಟು, ನನಗೆ ನೆನಪಿದ್ದ ಮೌಶಿಯನ್ನು ನೆನಪಿಸಿಕೊಳ್ಳಲು ಹೋದೆ. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಮೌಶಿ ಕಿಟಕಿಯಿಂದ ಬಗ್ಗಿ ನನ್ನ ಕೈಗೆ ಹುರಿದ ಶೇಂಗಾ ಸುರಿಯುತ್ತಾಳೆ, ಬಸ್ಸು ಹೊರಡುತ್ತದೆ, ಅರ್ಧ ಶೇಂಗಾ ಕೆಳಗೆ ಬೀಳುತ್ತವೆ. ಆ ದಿನ ಬೆಳಿಗ್ಗೆಯವರೆಗೂ ಆ ಕಿಟಕಿಯಲ್ಲಿ ಒಂದು ಮುಖ ಇತ್ತು. ಸ್ಪಷ್ಟವಾಗಿರಲಿಲ್ಲ, ಆದರೆ ಅವಳದಾಗಿತ್ತು. ಈಗ ಅಲ್ಲಿ ರಫೀಕ್ ಕಳಿಸಿದ ಹೆಂಗಸು ಕೂತಿದ್ದಳು. ಬೇರೆ ನೆನಪು ತೆಗೆದೆ, ಮೌಶಿ ಬಾವಿಯ ಕಟ್ಟೆಯ ಮೇಲೆ ಅವ್ವನ ಜೊತೆ ಜಗಳವಾಡುತ್ತಿದ್ದದ್ದು. ಅಲ್ಲಿಗೂ ಅವಳು ನನಗಿಂತ ಮೊದಲೇ ಬಂದು ನಿಂತಿದ್ದಳು. ಅದೇ ಗುಂಗಿನಲ್ಲಿ ಎದ್ದು ಎಕ್ಸ್‌ರೇ ಯಂತ್ರಕ್ಕೆ ತಾಗಿ ಅದನ್ನು ಅಲುಗಿಸಿಬಿಟ್ಟೆ. ಮೊಣಕೈಯವರು “ಏನಾತ್ರಿ, ಮುರದದೇನು?” ಎಂದು ಹೆದರಿದರು. ಅವರ ಚಿತ್ರವನ್ನು ಎರಡನೆಯ ಸಲ ತೆಗೆಯಬೇಕಾಯಿತು. ಈ ಸಲ ಅಲುಗಿದವನು ನಾನು.

ರಫೀಕನಿಗೆ ಫೋನು ಮಾಡಿದೆ. “ಅವ್ವಗ ತೋರಿಸಬ್ಯಾಡ, ನಾ ಬರೋತನಕ ತಡಿ.”

“ಫ್ರೇಮ್ ಆಗ್ಯಾದಲ್ಲೋ. ಸಂಜಿಗೆ ಮನಿಗೇ ತರ್ತೀನಿ. ಕಾಕು ನೋಡಿ ಹ್ಯಾಂಗ ಖುಷ್ ಆಗ್ತಾಳ ನೋಡು” ಎಂದು ಇಟ್ಟುಬಿಟ್ಟ.

ಬಸ್ಸಿನಲ್ಲಿ ನಾನು ಯೋಚಿಸಿದ್ದು ಒಂದೇ. ನನ್ನದು ಹೋಯಿತು, ಹೋಗಲಿ, ನಾನು ಆಗ ಹುಡುಗ. ಅವ್ವನ ತಲೆಯಲ್ಲಿರುವ ತಂಗಿಯ ಮುಖ ಒಂದೇ ಈಗ ಉಳಿದಿರುವುದು. ಅದನ್ನೂ ಈ ಚಿತ್ರ ಒರೆಸಿ ಹಾಕಿದರೆ ಗಂಗೂ ಮೌಶಿ ಎಲ್ಲಿಯೂ ಇರುವುದಿಲ್ಲ. ಬಸ್ಸು ದಾರಿಯುದ್ದಕ್ಕೂ ಕೈ ಮಾಡಿದವರಿಗೆಲ್ಲ ನಿಂತು ನಿಂತು ಹೋಯಿತು.

ಮನೆ ಮುಟ್ಟಿದಾಗ ರಫೀಕ್ ಅಂಗಳದಲ್ಲಿ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಹಳೆಯ ಪೇಪರಿನಲ್ಲಿ ಸುತ್ತಿದ ಫ್ರೇಮು ಅವ್ವನ ತೊಡೆಯ ಮೇಲಿತ್ತು. ಇನ್ನೂ ಬಿಚ್ಚಿರಲಿಲ್ಲ.

“ಬಿಚ್ಚಬ್ಯಾಡ ಅವ್ವ” ಎಂದೆ. ಏದುಸಿರು ಬರುತ್ತಿತ್ತು. “ಅದು ಮೌಶಿ ಅಲ್ಲ. ಯಂತ್ರ ಕಟ್ಟಿದ ಮುಖ. ಒಮ್ಮೆ ನೋಡಿದಿ ಅಂದ್ರ ನಿನ್ನ ನೆನಪಿನ್ಯಾಗ ಇದ್ದ ಮುಖ ಹೋಗಿಬಿಡ್ತದ. ನಂದು ಹೋಗ್ಯಾದ.”

ರಫೀಕನ ಕೈಯಲ್ಲಿ ಚಹಾದ ಬಸಿ ಅರ್ಧಕ್ಕೆ ನಿಂತಿತು. ಅವ್ವ ಪೇಪರಿನ ಮೇಲೆ ಕೈಯಾಡಿಸಿದಳು.

“ನನ್ನ ನೆನಪಿನ್ಯಾಗ ಮುಖ ಎಲ್ಲದೋ ಸಂಗ್ಯಾ” ಎಂದಳು. “ಅದು ಹೋಗಿ ಭಾಳ ವರ್ಷ ಆತು. ಕಣ್ಣು ಮುಚ್ಚಿದ್ರ ಅಕಿ ಸೀರಿ ಕಾಣ್ತದ, ಬಳಿ ಕಾಣ್ತದ, ಮುಖ ಬರಂಗಿಲ್ಲ. ಅದಕ್ಕ ಅಲ್ಲೇನು ನಿನ್ನ ಕೇಳಿದ್ದು?”

ಇಷ್ಟು ವರ್ಷ ಅವಳು ಗೋಡೆಗೆ ಎಡೆ ಹಿಡಿದದ್ದು ಫೋಟೋ ಇಲ್ಲದ್ದಕ್ಕೆ ಎಂದು ಮಾತ್ರ ನಾನು ತಿಳಿದಿದ್ದೆ.

ಅವಳು ಪೇಪರು ಬಿಚ್ಚಿದಳು. ಬಹಳ ಹೊತ್ತು ನೋಡಿದಳು. ರಫೀಕ್ ನನ್ನ ಕಡೆ ನೋಡಿ ಹುಬ್ಬು ಏರಿಸಿದ. ಅವ್ವನ ತುಟಿ ಅಲುಗಿತು. ಅಳುತ್ತಾಳೆ ಅಂದುಕೊಂಡೆ.

“ಯಾರಿಕಿ, ಸಿರಿವಂತರ ಮನಿ ಸೊಸಿ?” ಎಂದಳು. “ಏ, ಹಲ್ಲು ನೋಡೋ ಇಕಿವು! ಟೂತ್‌ಪೇಸ್ಟ್ ಮಾರಾಕ ಬಂದಂಗ ಆಗ್ಯಾಳ. ಗಂಗೂ ಮುಂಜಾನೆದ್ದು ಹಲ್ಲಿಗೆ ಮಿಸರಿ ಪುಡಿ ತಿಕ್ಕಾಕಿ. ಹಲ್ಲು ಕರ್ರಗ ಇದ್ವು. ಮುಂದಿನವು ಎರಡು ಹೊರಗ ಬಂದಿದ್ವು, ಬಾಯಿ ಮುಚ್ಚಿದ್ರೂ ಕಾಣ್ತಿದ್ವು.”

“ಕಾಕು, ಸರಿ ಮಾಡ್ತೀನ್ರಿ” ಎಂದು ರಫೀಕ್ ಫೋನು ತೆಗೆದ. “ಹಲ್ಲು ಎಷ್ಟು ಹೊರಗ?”

“ಸುಮ್ಮ ಕೂಡೋ ನೀ. ಮೂಗು ನೋಡು, ಗಿಣಿ ಮೂಗು. ಅಕಿದು ಮೊಂಡ, ನಮ್ಮಪ್ಪಂದು. ಎಡಗಡಿ ಹೊಳ್ಳಿ ಸ್ವಲ್ಪ ಮ್ಯಾಲ ಇತ್ತು, ಸಣ್ಣಾಕಿದ್ದಾಗ ಮೂಗುಬಟ್ಟು ಜಗ್ಗಿ ಹರಕೊಂಡಿದ್ಳು. ನಾನೇ ಜಗ್ಗಿದ್ದು, ಅದೂ ಖರೇ. ಹಣೀಮ್ಯಾಗ ಇಲ್ಲಿ ಗಾಯದ ಕಲಿ. ನಕ್ಕಳಂದ್ರ ಒಂದು ಕಣ್ಣು ಪೂರಾ ಮುಚ್ಚತಿತ್ತು, ಒಂದೇ ಕಣ್ಣು. ಗಂಡಸರಿಗೆ ಕಣ್ಣು ಹೊಡದಂಗ ಕಾಣ್ತದಂತ ನಮ್ಮವ್ವ ಎಷ್ಟು ಬೈದಾಳ...”

ಅವಳು ಫ್ರೇಮಿನ ಕಡೆ ನೋಡುತ್ತಿರಲಿಲ್ಲ, ಅಂಗಳದ ಬಾಗಿಲ ಕಡೆ ನೋಡುತ್ತಿದ್ದಳು, ಯಾರೋ ಒಳಗೆ ಬಂದರೆ ನೋಡುವ ಹಾಗೆ. ರಫೀಕ್ ಫೋನಿನಲ್ಲಿ ಹಲ್ಲು, ಮೂಗು, ಕಲೆ ಎಂದು ಒತ್ತುತ್ತಲೇ ಇದ್ದ.

“ತಿದ್ದಬ್ಯಾಡೋ ರಫೀಕ್” ಎಂದಳು ಅವ್ವ. “ತಪ್ಪ ಇರ್ಲಿ. ಇಕಿನ್ನ ಬೈಯಾಕ ಹತ್ತಿದ ಮ್ಯಾಲೆ ಅಕಿ ಬರಾಕತ್ತಾಳ.”

ಫ್ರೇಮನ್ನು ಅಂಗಳದ ಗೋಡೆಗೆ, ಮಂಚದ ಎದುರಿಗೆ ಹಾಕಿದೆವು. ಹಬ್ಬದ ತನಕ ದಿನಾ ಬೆಳಿಗ್ಗೆ ಅವ್ವ ಅದಕ್ಕೆ ಒಂದೊಂದು ಐಬು ಹುಡುಕಿದಳು. ಕಿವಿಯ ಹಾಲೆ, ಕೂದಲ ಬೈತಲೆ, ಗದ್ದ. ನಾನು ಹಲ್ಲುಜ್ಜುತ್ತ ಕೇಳಿಸಿಕೊಳ್ಳುತ್ತಿದ್ದೆ. ನನ್ನ ನೆನಪಿನ ಬಸ್ಸಿನ ಕಿಟಕಿಯಲ್ಲಿ ಕೂತ ಆ ಹೆಂಗಸಿಗೂ ಒಂದು ದಿನ ಹಲ್ಲು ಮುಂದೆ ಬಂತು. ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ, ಮೂಗಿನ ಕೆಲಸ ಬಾಕಿ ಇದೆ.

ಹಬ್ಬದ ದಿನ ಅಪ್ಪ, ಅಜ್ಜ, ಅಜ್ಜಿಯ ಸಾಲಿನಲ್ಲಿ ಆ ಫ್ರೇಮೂ ಕೂತಿತು. ಅವ್ವ ಎಲ್ಲರಿಗೂ ಹಾರ ಹಾಕಿ, ಕುಂಕುಮ ಹಚ್ಚಿ, ಎಡೆ ಹಿಡಿದು ಬಂದು ಅದರ ಮುಂದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎಲೆಯನ್ನು ಮುಂದಕ್ಕೆ ಸರಿಸಿದಳು.

“ನೀ ಯಾರ ಮಗಳೋ ಏನೋ, ಮನಿ ತನಕ ಬಂದೀದಿ” ಎಂದಳು. “ಒಂದು ಹೋಳಿಗಿ ನೀ ತಿನ್ನು. ಉಳದದ್ದು ಅಕಿಗೆ ಮುಟ್ಟಸು.”